ಹಂದಿಗೆ ಬಯಲೋ, ಕೊಟ್ಟಿಗೆಯೋ?

ಹಂದಿಗೆ ಬೆವರಿ ಮೈ ತಂಪು ಮಾಡಿಕೊಳ್ಳಲು ಬರುವುದಿಲ್ಲ. ಕಾರವಾರ, ಅಂಕೋಲಾದ ಮೇ ತಿಂಗಳ ಸೆಕೆಯಲ್ಲಿ ಅದಕ್ಕೆ ಕೆಸರೇ ಆಸರೆ. ಬಯಲಲ್ಲಿ ಕೆಸರೂ ಸಿಗುತ್ತದೆ, ಮೂತಿಯಿಂದ ಮಣ್ಣು ಕೆದಕಲು ಜಾಗವೂ ಇರುತ್ತದೆ. ಬರಿಯ ಸಿಮೆಂಟ್ ನೆಲದಲ್ಲಿ ಕೆದಕಲು ಏನೂ ಸಿಗದೆ ಅದೇ ಮೂತಿ ಪಕ್ಕದ ಹಂದಿಯ ಬಾಲಕ್ಕೆ ತಿರುಗುತ್ತದೆ. ಒಮ್ಮೆ ರಕ್ತ ಬಂದರೆ ಉಳಿದವೂ ಮುತ್ತಿಕೊಳ್ಳುತ್ತವೆ. ಗಾಯಗೊಂಡದ್ದನ್ನು ತಕ್ಷಣ ಬೇರೆ ಮಾಡಿ. ದಿನವೂ ಒಂದಿಷ್ಟು ಭತ್ತದ ಹುಲ್ಲು ಅಥವಾ ದರಕು (ಒಣಗಿದ ಎಲೆ) ಹಾಕಿದರೆ ಈ ಕಾಟ ಬಹಳ ಕಡಿಮೆಯಾಗುತ್ತದೆ.

ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಬಯಲು ಹಂದಿಗೆ ಒಳ್ಳೆಯದಲ್ಲ. ಸದಾ ಒದ್ದೆ ನೆಲದಲ್ಲಿ ಗೊರಸು ಮೆತ್ತಗಾಗಿ ಕುಂಟುತ್ತವೆ, ಜಂತು ಹೆಚ್ಚುತ್ತದೆ, ಮರಿಗಳು ಚಳಿಗೆ ಸಾಯುತ್ತವೆ. ಶಿರಸಿ ಕಡೆಯ ಕಾಡಂಚಿನಲ್ಲಿ ಕಾಡುಹಂದಿಯ ಭಯ ಬೇರೆ: ಅದರಿಂದ ಹರಡಬಹುದಾದ ಆಫ್ರಿಕನ್ ಹಂದಿ ಜ್ವರಕ್ಕೆ ಚಿಕಿತ್ಸೆಯಿಲ್ಲ. ಅಲ್ಲಿ ಎರಡು ಸಾಲು ಬೇಲಿ ಇಲ್ಲದೆ ಬಯಲಿಗೆ ಬಿಡಲೇಬೇಡಿ.

ಮರಿ ಹಾಕುವುದು ಮಾತ್ರ ಒಳಗೇ ಆಗಲಿ. ಹೆರಿಗೆಗೆ ಒಂದು ದಿನ ಮೊದಲೇ ತಾಯಿ ಗೂಡು ಕಟ್ಟಲು ಹವಣಿಸುತ್ತದೆ. ಹುಲ್ಲು ಕೊಡಿ, ತಿರುಗಲಾಗದ ಇಕ್ಕಟ್ಟಿನ ಕಟಕಟೆ ಬೇಡ. ಮರಿ ತಾಯಿಯ ಮೈಯಡಿ ಸಿಕ್ಕದಂತೆ ಗೋಡೆಯಿಂದಲೂ ನೆಲದಿಂದಲೂ 20–25 ಸೆಂ.ಮೀ. ಬಿಟ್ಟು ಪೈಪು ಕೂರಿಸಿ. ಮಣ್ಣು ಸಿಗದ ಮರಿಗೆ ರಕ್ತಹೀನತೆ ಖಂಡಿತ. ಮೂರನೇ ದಿನದ ಸುಮಾರಿಗೆ 200 ಮಿ.ಗ್ರಾಂ ಕಬ್ಬಿಣದ ಇಂಜೆಕ್ಷನ್ ಪಶುವೈದ್ಯರಿಂದ ಹಾಕಿಸಿ.

ಕರಾವಳಿಗೆ ನಮ್ಮ ಆಯ್ಕೆ: ದೊಡ್ಡ ಹಂದಿಯೊಂದಕ್ಕೆ ಕನಿಷ್ಠ 2 ಚದರ ಮೀಟರ್ ಮಾಡಿನ ಕೊಟ್ಟಿಗೆ, ಅದಕ್ಕೆ ತಾಗಿ ಅಷ್ಟೇ ತೆರೆದ ಅಂಗಳ, ಬೇಸಿಗೆಯಲ್ಲಿ ನೆರಳು ಮತ್ತು ನೀರಿನ ತೊಟ್ಟಿ.