ಎರಡು ಬ್ಯಾಂಡೋ ಐದು ಬ್ಯಾಂಡೋ, ರಿಲೀಸೋ ಕ್ಲಿಪರೋ: ಎಫ್‌ಎಂ ಪ್ರೊಸೆಸರ್ ಸೆಟ್ಟಿಂಗ್‌ಗಳ ಹೋಲಿಕೆ

ಎಫ್‌ಎಂ ಪ್ರೊಸೆಸರ್ ಅಂದರೆ ರೇಡಿಯೋ ಸ್ಟೇಷನ್ ಸದ್ದನ್ನು ಪ್ರಸಾರಕ್ಕೆ ಮುಂಚೆ ಹದ ಮಾಡುವ ಯಂತ್ರ. ಅದರೊಳಗೆ ತಿರುಗಿಸೋಕೆ ಬೇಕಾದಷ್ಟು ಇದೆ. ಆದರೆ ತಲೆ ಕೆಡಿಸುವ ಪ್ರಶ್ನೆಗಳು ಕೆಲವೇ. ಸದ್ದನ್ನು ಎರಡು ಬ್ಯಾಂಡ್ (ಫ್ರೀಕ್ವೆನ್ಸಿ ಭಾಗ) ಮಾಡಿ ಒತ್ತಿದರೆ ಸಾಕೋ, ಐದು ಬೇಕೋ? ಇನ್ನೂ ಸ್ವಲ್ಪ ಜೋರು ಬೇಕು ಅಂದರೆ ರಿಲೀಸ್ (ಒತ್ತಿದ ಸದ್ದನ್ನು ಮತ್ತೆ ಮೇಲೆ ಬಿಡುವ ವೇಗ) ಚುರುಕು ಮಾಡಬೇಕೋ, ಕ್ಲಿಪರ್ (ಸದ್ದಿನ ತುದಿ ಕತ್ತರಿಸುವ ಭಾಗ) ಡ್ರೈವ್, ಅಂದರೆ ಅದಕ್ಕೆ ನುಗ್ಗಿಸುವ ಮಟ್ಟ, ಏರಿಸಬೇಕೋ? ಒಂದೇ ಪ್ರೊಸೆಸರ್‌ನಲ್ಲಿ ಇವನ್ನು ಎದುರುಬದುರು ಇಟ್ಟು ಕೇಳಿದ್ದೇನೆ. ನನ್ನ ಆಯ್ಕೆ ಮೊದಲೇ ಹೇಳಿಬಿಡುತ್ತೇನೆ: ಐದು ಬ್ಯಾಂಡ್, ನಿಧಾನ ರಿಲೀಸ್. ಜೋರು ಬೇಕಾದರೆ ಕ್ಲಿಪರ್‌ನಿಂದ ತೆಗೆಯಿರಿ, ಅದೂ ಮಾತು ಒಡೆಯುವ ಮೊದಲೇ ನಿಲ್ಲಿಸಿ.

ಹೋಲಿಸುವ ರೀತಿಯೇ ಇಲ್ಲಿ ಮುಖ್ಯ. ಎರಡು ಪ್ರೀಸೆಟ್ (ಉಳಿಸಿಟ್ಟ ಸೆಟ್ಟಿಂಗ್‌ಗಳ ಗುಂಪು) ಕೇಳಿಸಿದರೆ ಯಾವುದು ಚೂರು ಜೋರಾಗಿದೆಯೋ ಅದೇ ಚೆನ್ನಾಗಿದೆ ಅನ್ನಿಸುತ್ತದೆ. ಎಂಥ ಪಳಗಿದ ಕಿವಿಯೂ ಇದಕ್ಕೆ ಬೀಳುತ್ತದೆ. ಹಾಗಾಗಿ ರಿಸೀವರ್‌ನಿಂದ ಬಂದ ಸದ್ದನ್ನು ರೆಕಾರ್ಡ್ ಮಾಡಿಕೊಂಡೆ. ಲೌಡ್‌ನೆಸ್ ಮೀಟರ್ ನೋಡಿ ಎರಡನ್ನೂ ಒಂದೇ ಮಟ್ಟಕ್ಕೆ ತಂದೆ, ಆಮೇಲೆ ಕೇಳಿದೆ. ‘ಸಖತ್ ಪಂಚ್ ಇದೆ’ ಅನ್ನಿಸಿದ್ದ ಎಷ್ಟೋ ಪ್ರೀಸೆಟ್‌ಗಳು ಅಲ್ಲೇ ಸಪ್ಪೆಯಾದವು.

ಮೊದಲು ಬ್ಯಾಂಡ್ ವಿಚಾರ. ಎರಡು ಬ್ಯಾಂಡ್ ಅಂದರೆ ಸಾಮಾನ್ಯವಾಗಿ 200 ಹರ್ಟ್ಸ್ ಆಸುಪಾಸಿನಿಂದ ಕೆಳಗೆ ಬಾಸ್, ಮೇಲೆ ಉಳಿದದ್ದೆಲ್ಲ. ಹಾಡನ್ನು ಮಿಕ್ಸ್ ಮಾಡಿದವರು ಕೊಟ್ಟ ಬಣ್ಣ ಇದರಲ್ಲಿ ಹೆಚ್ಚು ಕಡಿಮೆ ಹಾಗೇ ಉಳಿಯುತ್ತದೆ. ಒಂಟಿ ಕೊಳಲು, ಪಿಯಾನೋ, ಸಣ್ಣ ಮೇಳ ಇಂಥವಕ್ಕೆ ಇದನ್ನು ಮೀರಿಸಿದ್ದಿಲ್ಲ. ಆದರೆ ಅಬ್ಬರದ ಹಾಡು ಹಾಕಿ ನೋಡಿ. ಸ್ನೇರ್ ಡ್ರಮ್ ಬಿದ್ದಾಗಲೆಲ್ಲ ಗಾಯಕಿಯ ಧ್ವನಿ ಒಂದು ಚೂರು ಕುಗ್ಗಿ ಮೇಲೇಳುತ್ತದೆ. ಇಬ್ಬರೂ ಒಂದೇ ಬ್ಯಾಂಡ್‌ನಲ್ಲಿ ಇದ್ದಾರೆ, ಒಬ್ಬರನ್ನು ಒತ್ತಿದರೆ ಇನ್ನೊಬ್ಬರೂ ಕೆಳಗೆ ಹೋಗಲೇಬೇಕು.

ಐದು ಬ್ಯಾಂಡ್‌ನಲ್ಲಿ ಈ ಕುಗ್ಗಾಟ ತುಂಬಾ ಕಡಿಮೆ. ಜೊತೆಗೆ ಇನ್ನೊಂದು ಲಾಭ: ಬಾಸ್ ಇಲ್ಲದ ಹಳೇ ರೆಕಾರ್ಡಿಂಗ್ ಆದ ಮೇಲೆ ಇವತ್ತಿನ ದಪ್ಪ ಬಾಸ್ ಹಾಡು ಬಂದರೂ ಸ್ಟೇಷನ್ ಬದಲಾದ ಹಾಗೆ ಕೇಳುವುದಿಲ್ಲ. ಪ್ರತಿ ಬ್ಯಾಂಡ್ ತನ್ನ ಪಾಡಿಗೆ ತಾನು ಏರಿಳಿಯುವುದರಿಂದ ಒಂಥರಾ ತಾನೇ ಈಕ್ವಲೈಸರ್ ಆಗುತ್ತದೆ. ಕೊಳಲಿಗೆ ಬಂದರೆ ಇದೇ ಗುಣ ದೋಷವಾಗುತ್ತದೆ. ಮೇಲಿನ ಬ್ಯಾಂಡ್‌ನಲ್ಲಿ ಸಂಗೀತವೇ ಇಲ್ಲ, ಪ್ರೊಸೆಸರ್ ಅಲ್ಲಿರುವ ಟೇಪ್ ಹಿಸ್ಸನ್ನೇ (ಟೇಪಿನ ಸುಯ್ ಸದ್ದು) ಎತ್ತಿ ಮುಂದೆ ನಿಲ್ಲಿಸುತ್ತದೆ. ಇದಕ್ಕೆ ಮದ್ದು ಬ್ಯಾಂಡ್ ಕಪ್ಲಿಂಗ್. ಐದನೇ ಬ್ಯಾಂಡನ್ನು ನಾಲ್ಕನೆಯದಕ್ಕೆ ಕಟ್ಟಿಹಾಕಿದರೆ ಅದು ತನ್ನಿಷ್ಟಕ್ಕೆ ಏರುವುದಿಲ್ಲ, ಹಿಸ್ ತಗ್ಗುತ್ತದೆ. ಕಪ್ಲಿಂಗ್ ಜಾಸ್ತಿ ಮಾಡುತ್ತಾ ಹೋದರೆ ಐದು ಬ್ಯಾಂಡ್ ಎರಡು ಬ್ಯಾಂಡ್ ಹತ್ತಿರಕ್ಕೇ ಬರುತ್ತದೆ. ಅದಕ್ಕೇ ಐದು ಬ್ಯಾಂಡ್ ಇಟ್ಟುಕೊಳ್ಳಿ ಅಂದಿದ್ದು. ದಿನಪೂರ್ತಿ ಶಾಸ್ತ್ರೀಯ ಸಂಗೀತವೇ ಬರುವ ಸ್ಟೇಷನ್ ಆದರೆ ಮಾತು ಬೇರೆ, ಅಲ್ಲಿ ಎರಡೇ ಸಾಕು.

ಈಗ ಜೋರಿನ ವಿಚಾರ. ರಿಲೀಸ್ ಚುರುಕು ಮಾಡಿದ ತಕ್ಷಣ ಸದ್ದು ತುಂಬಿಕೊಳ್ಳುತ್ತದೆ, ಲೌಡ್‌ನೆಸ್ ಮೀಟರ್ ಮೇಲೇರುತ್ತದೆ. ಮೊದಲ ಹಾಡಿಗೆ ಖುಷಿಯೇ. ಹೊತ್ತು ಕಳೆದಂತೆ ಸುಸ್ತಾಗುತ್ತದೆ. ಪಲ್ಲವಿಯೂ ಅಷ್ಟೇ ದೊಡ್ಡದು, ಚರಣವೂ ಅಷ್ಟೇ ದೊಡ್ಡದು, ನಡುವೆ ಬರುವ ಗಿಟಾರ್ ಮೀಟೂ ಅಷ್ಟೇ. ವಾರ್ತೆಯಲ್ಲಂತೂ ಸುಲಭವಾಗಿ ಸಿಕ್ಕಿಬೀಳುತ್ತದೆ. ವಾಕ್ಯ ಮುಗಿದು ಓದುವವರು ಉಸಿರೆಳೆದರೆ ಆ ಉಸಿರು ಮಾತಿನಷ್ಟೇ ದೊಡ್ಡದಾಗಿ ಬರುತ್ತದೆ, ಹಿಂದೆಯೇ ಎಸಿಯ ಗುಂಯ್ ಸದ್ದೂ ಎದ್ದು ನಿಲ್ಲುತ್ತದೆ. ಗೇಟ್ ಥ್ರೆಶೋಲ್ಡ್ (ಇದಕ್ಕಿಂತ ಮೆಲ್ಲಗಿನ ಸದ್ದನ್ನು ಎತ್ತಬೇಡ ಅನ್ನುವ ಗಡಿ) ಏರಿಸಿದರೆ ಎಸಿ ಸದ್ದು ಏಳುವುದು ನಿಲ್ಲುತ್ತದೆ. ಉಸಿರು ಮಾತ್ರ ಗೇಟ್‌ಗಿಂತ ಜೋರಾಗಿರುವುದರಿಂದ ಹಾಗೇ ಉಳಿಯುತ್ತದೆ.

ರಿಲೀಸ್ ನಿಧಾನ ಇದ್ದರೆ 10 ಡೆಸಿಬಲ್ ಕಂಪ್ರೆಷನ್ (ಸದ್ದು ಒತ್ತುವುದು) ನಡೆಯುತ್ತಿದ್ದರೂ ಗೊತ್ತಾಗುವುದಿಲ್ಲ. ಚುರುಕು ಮಾಡಿದರೆ ಅದರ ಅರ್ಧಕ್ಕೇ ಕಿವಿಗೆ ತಟ್ಟುತ್ತದೆ. ರಿಲೀಸ್ ಚುರುಕು ಮಾಡಿ ಜೊತೆಗೆ ಡ್ರೈವನ್ನೂ ಏರಿಸಿದ ಪ್ರೀಸೆಟ್‌ಗಳು ಅಷ್ಟು ಗೋಳು ಹುಯ್ಯುವುದು ಇದಕ್ಕೇ.

ಕ್ಲಿಪರ್ ದಾರಿ ಬೇರೆ. ಅದು ಮೆಲ್ಲಗಿನ ಸದ್ದನ್ನು ಎತ್ತಿ ಹಿಡಿಯುವುದಿಲ್ಲ, ತುದಿಗಳನ್ನು ಮಾತ್ರ ಕತ್ತರಿಸುತ್ತದೆ. ಹಾಡಿನ ಏರಿಳಿತ ಉಳಿಯುತ್ತದೆ, ಡ್ರಮ್ ಪೆಟ್ಟು ಜೀವಂತ ಇರುತ್ತದೆ. ಬೆಲೆ ತೆರುವುದು ಡಿಸ್ಟಾರ್ಷನ್‌ನಲ್ಲಿ. ಎಫ್‌ಎಂನಲ್ಲಿ ಈ ಬೆಲೆ ಜಾಸ್ತಿ, ಕಾರಣ ಪ್ರೀ-ಎಂಫಸಿಸ್, ಅಂದರೆ ಪ್ರಸಾರಕ್ಕೆ ಮುಂಚೆ ಮೇಲಿನ ಫ್ರೀಕ್ವೆನ್ಸಿಗಳನ್ನು ಎತ್ತುವುದು. ಅದರ ಮಾನಕ 50 ಮೈಕ್ರೋಸೆಕೆಂಡ್ ಇದ್ದಲ್ಲಿ 15 ಕಿಲೋಹರ್ಟ್ಸ್ ಹೊತ್ತಿಗೆ ಸುಮಾರು 14 ಡೆಸಿಬಲ್ ಏರಿಕೆ, 75 ಇದ್ದಲ್ಲಿ ಸುಮಾರು 17. ‘ಸಂಶಯ’, ‘ಸಂಸತ್ತು’ ಅಂತ ಮೈಕ್ ಹತ್ತಿರ ಹೇಳಿಸಿ ನೋಡಿ. ಸಕಾರ ಶಕಾರಗಳ ಶಕ್ತಿಯೆಲ್ಲ ಇರುವುದು ಆ ಮೇಲಿನ ಭಾಗದಲ್ಲೇ. ಕ್ಲಿಪರ್‌ಗೆ ಬಿಟ್ಟರೆ ‘ಸ’ ಹರಕು ಕಾಗದದ ಹಾಗೆ ಕೇಳುತ್ತದೆ. ಹೈ ಫ್ರೀಕ್ವೆನ್ಸಿ ಲಿಮಿಟರ್‌ಗೆ (ಮೇಲಿನ ಫ್ರೀಕ್ವೆನ್ಸಿ ತಗ್ಗಿಸುವ ಭಾಗ) ಬಿಟ್ಟರೆ ಮೊಂಡಾಗುತ್ತದೆ. ಎರಡಕ್ಕೂ ಅರ್ಧರ್ಧ ಕೆಲಸ ಹಂಚಿದಾಗ ನನಗೆ ಸಮಾಧಾನವಾಯಿತು. ಅನೌನ್ಸರ್ ಮೈಕ್‌ಗೆ ಪ್ರೊಸೆಸರ್‌ಗಿಂತ ಮುಂಚೆಯೇ ಡೀ-ಎಸರ್ (ಸಕಾರದ ತೀಕ್ಷ್ಣತೆ ತಗ್ಗಿಸುವ ಸಾಧನ) ಹಾಕಿದರೆ ಇನ್ನೂ ಒಳ್ಳೆಯದು.

ಕ್ಲಿಪರ್‌ಗೆ ಹಾಡಿಗಿಂತ ಮಾತೇ ಕಷ್ಟ. ಹಾಡಿನ ಗದ್ದಲದಲ್ಲಿ ಮುಚ್ಚಿಹೋಗುವ ಡಿಸ್ಟಾರ್ಷನ್ ಒಂಟಿ ಧ್ವನಿಯಲ್ಲಿ ಬೆತ್ತಲಾಗುತ್ತದೆ. ಮಾತಿನ ವೇವ್‌ಫಾರ್ಮ್ ಒಂದು ಕಡೆಗೆ ವಾಲಿರುವುದೂ ಒಂದು ಕಾರಣ. ಫೇಸ್ ರೊಟೇಟರ್ (ಈ ವಾಲಿಕೆ ತಗ್ಗಿಸುವ ಭಾಗ) ಆಫ್ ಮಾಡಿ ಕೇಳಿದರೆ ಪಿಯಾನೋ ಚೂರು ತಿಳಿಯಾಗುತ್ತದೆ, ಆದರೆ ಗಂಡು ಧ್ವನಿ ಬೇಗ ಒಡೆಯುತ್ತದೆ. ನಾನು ಆನ್ ಇಡುತ್ತೇನೆ. ಮಾತು, ಹಾಡು ಗುರುತಿಸಿ ಬೇರೆ ಬೇರೆ ಸೆಟ್ಟಿಂಗ್ ಹಾಕುವ ಸೌಲಭ್ಯ ಇದ್ದರೆ ಮಾತಿಗೆ ಕ್ಲಿಪರ್ ಡ್ರೈವ್ 2 ಡೆಸಿಬಲ್ ಇಳಿಸಿ ನೋಡಿ.

ಹಾಡಿನ ಫೈಲೇ ಕಡಿಮೆ ಬಿಟ್‌ರೇಟಿನ ಎಂಪಿ3 ಆಗಿದ್ದರೆ ಈ ಹೋಲಿಕೆಯೆಲ್ಲ ಸುಮ್ನೆ. ಯಾವ ದಾರಿ ಹಿಡಿದರೂ ಫೈಲ್ ಕುಗ್ಗಿಸುವಾಗ ಸೇರಿದ ನೀರೊಳಗಿನಂಥ ಸದ್ದೇ ಮೇಲೆ ಬರುತ್ತದೆ.

ಕಾಂಪೊಸಿಟ್ ಕ್ಲಿಪಿಂಗ್ (ಸ್ಟೀರಿಯೋ ಸಿಗ್ನಲ್ ಒಟ್ಟುಗೂಡಿದ ಮೇಲೆ ಅದರ ತುದಿ ಕತ್ತರಿಸುವುದು) ಬಗ್ಗೆ ಜಾಸ್ತಿ ಹೇಳಲ್ಲ. ಅರ್ಧ ಡೆಸಿಬಲ್ ಹಾಕಿದರೆ ನಡೆಯುತ್ತದೆ. 19 ಕಿಲೋಹರ್ಟ್ಸ್ ಪೈಲಟ್ (ಸ್ಟೀರಿಯೋ ಗುರುತು), 57ರ ಆರ್‌ಡಿಎಸ್ (ಸ್ಟೇಷನ್ ಹೆಸರಿನಂಥ ಡೇಟಾ) ಜಾಗ ಸ್ವಚ್ಛವಾಗಿದೆಯಾ ಅಂತ ಸ್ಪೆಕ್ಟ್ರಮ್‌ನಲ್ಲಿ ನೋಡಿಕೊಳ್ಳಿ.

ಬಿಎಸ್‌.412 (ಎಫ್‌ಎಂ ಪ್ರಸಾರದ ಐಟಿಯು ಶಿಫಾರಸು) ಮಿತಿ ಪಾಲಿಸಲೇಬೇಕಾದ ಕಡೆ ಈ ಲೆಕ್ಕ ತಿರುವುಮುರುವು. ಅಲ್ಲಿ ಯಾವುದೇ 60 ಸೆಕೆಂಡಿನ ಸರಾಸರಿ ಎಂಪಿಎಕ್ಸ್ (ಒಟ್ಟುಗೂಡಿದ ಸ್ಟೀರಿಯೋ ಸಿಗ್ನಲ್) ಪವರ್ ಮಿತಿ ದಾಟುವಂತಿಲ್ಲ. ತುದಿ ಕತ್ತರಿಸಿ ಸರಾಸರಿ ಏರಿಸಿದರೆ ಪ್ರೊಸೆಸರ್ ಒಟ್ಟು ಸದ್ದನ್ನೇ ಇಳಿಸುತ್ತದೆ. ಕ್ಲಿಪರ್‌ನಿಂದ ಬಂದದ್ದು ಡಿಸ್ಟಾರ್ಷನ್ ಮಾತ್ರ, ಜೋರಲ್ಲ. ಅಲ್ಲಿ ಕ್ಲಿಪರ್ ಸಡಿಲ ಬಿಟ್ಟು, ರಿಲೀಸ್ ನಿಧಾನ ಇಟ್ಟು, ಡ್ರಮ್ ಪೆಟ್ಟುಗಳನ್ನು ಹಾಗೇ ಹೋಗಗೊಡಿ. ಆನ್‌ಲೈನ್ ಸ್ಟ್ರೀಮ್‌ಗೂ ಬೇರೆ ಪ್ರೀಸೆಟ್ ಬೇಕು: ಪ್ರೀ-ಎಂಫಸಿಸ್ ಇಲ್ಲ, ಕ್ಲಿಪರ್ ಇಲ್ಲ, ಬರೀ ಲುಕ್-ಅಹೆಡ್ ಲಿಮಿಟರ್ (ತುದಿ ಬರುವುದನ್ನು ಮೊದಲೇ ಕಂಡು ಸದ್ದು ತಗ್ಗಿಸುವುದು).