ಓಮ್ನೆಟ್++ ಮತ್ತು ಐನೆಟ್: ಆರು ವರ್ಷ ಬಳಸಿದ ಮೇಲೆ

ಎಂ.ಟೆಕ್. ವಿದ್ಯಾರ್ಥಿಗಳಿಗೆ ಮೊಬೈಲ್ ಅಡ್‌ಹಾಕ್ ಜಾಲ (ಚಲಿಸುವ ಸಾಧನಗಳು ಸ್ಥಿರ ಕೇಂದ್ರವಿಲ್ಲದೆ ತಾವೇ ಕಟ್ಟಿಕೊಳ್ಳುವ ನಿಸ್ತಂತು ಜಾಲ) ಕಲಿಸಲು ಆರು ವರ್ಷಗಳಿಂದ, ಜಾಲವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಓಮ್ನೆಟ್++ ತಂತ್ರಾಂಶ ಮತ್ತು ಅದಕ್ಕೆ ಜಾಲದ ಸಿದ್ಧ ಮಾದರಿಗಳನ್ನು ಒದಗಿಸುವ ಐನೆಟ್ ಸಂಗ್ರಹವನ್ನು ಬಳಸುತ್ತಿದ್ದೇನೆ. ಅದಕ್ಕೂ ಮುಂಚೆ ನಮ್ಮ ಪ್ರಯೋಗಾಲಯದಲ್ಲಿ ಎನ್‌ಎಸ್-2 ಎಂಬ ಇನ್ನೊಂದು ಅನುಕರಣೆ ತಂತ್ರಾಂಶ ಇತ್ತು. ನಿಸ್ತಂತು ನೋಡ್‌ಗಳಲ್ಲಿ (ಜಾಲದ ಸಾಧನಗಳಲ್ಲಿ) ಯಾವುದು ಯಾವುದರೊಡನೆ ಮಾತನಾಡುತ್ತಿದೆ ಎಂದು ತಿಳಿಯಲು ಆಗ ನಡೆದದ್ದನ್ನೆಲ್ಲ ದಾಖಲಿಸುವ ಟ್ರೇಸ್ ಫೈಲಿನ ಸಾಲುಗಳನ್ನೇ ಹೆಕ್ಕಬೇಕಿತ್ತು.

ಐನೆಟ್ ಸಂವಹನದ ಒಂದೊಂದು ಪದರಕ್ಕೂ (ಹಂತಕ್ಕೂ) ಪರದೆಯ ಮೇಲೆ ಬೇರೆ ಬೇರೆ ಬಾಣ ಬಿಡಿಸುತ್ತದೆ. ನನಗೆ ಇದು ಅಚ್ಚುಮೆಚ್ಚು. ಒಂದು ನೋಡ್ ಮತ್ತೊಂದಕ್ಕೆಂದೇ ಫ್ರೇಮ್ (ದತ್ತಾಂಶದ ತುಣುಕು) ಕಳಿಸಿದರೂ ಭೌತಿಕ ಪದರದ, ಅಂದರೆ ರೇಡಿಯೋ ಸಂಕೇತದ ಮಟ್ಟದ ಬಾಣ ಅದನ್ನು ಕೇಳಿಸಿಕೊಂಡ ಎಲ್ಲ ನೆರೆಯವರಿಗೂ ಹೋಗುತ್ತದೆ. ಅದರ ಮೇಲಿನ, ವಿಳಾಸ ನೋಡುವ ಡೇಟಾ ಲಿಂಕ್ ಪದರದ ಬಾಣ ಹೋಗುವುದು ವಿಳಾಸದಾರನಿಗೆ ಮಾತ್ರ. ಅರ್ಧ ಗಂಟೆ ಬೋರ್ಡಿನ ಮೇಲೆ ಬರೆದರೂ ತಲೆಗೆ ಹೋಗದ ವ್ಯತ್ಯಾಸ ಇಲ್ಲಿ ಒಂದೇ ನೋಟಕ್ಕೆ ತಿಳಿಯುತ್ತದೆ.

ಎರಡನೆಯ ವರ್ಷ ಒಬ್ಬ ವಿದ್ಯಾರ್ಥಿನಿ ಪರದೆಗೆ ಬೆರಳಿಟ್ಟು, "ಸರ್, ಈ ನೋಡ್ ವ್ಯಾಪ್ತಿಯ ವೃತ್ತದಿಂದ ಆಚೆ ಹೋಗಿದೆ, ಬಾಣ ಮಾತ್ರ ಹಾಗೇ ಇದೆಯಲ್ಲ?" ಎಂದು ಕೇಳಿದಳು. ಪ್ಯಾಕೆಟ್‌ಗಳಿಗೆ ಮಾರ್ಗ ಹುಡುಕುವ ಎಒಡಿವಿ ಎಂಬ ಪ್ರೋಟೋಕಾಲಿನ ಸಂರಚನೆಯಲ್ಲಿ ತಪ್ಪಿದೆಯೆಂದು ಎರಡು ದಿನ ಹುಡುಕಿದೆವು. ತಪ್ಪು ಅಲ್ಲಿರಲಿಲ್ಲ. ಬಾಣ ಮಾಸಲು ತಂತ್ರಾಂಶದಲ್ಲಿ ಮೊದಲೇ ಇಟ್ಟಿರುವ ಅವಧಿ ಒಂದು ಸೆಕೆಂಡ್, ಅದೂ ನಮ್ಮ ಗೋಡೆ ಗಡಿಯಾರದ ಸೆಕೆಂಡ್. ನಾವು ಅನುಕರಣೆಯನ್ನು ವೇಗವಾಗಿ ಓಡಿಸುತ್ತಿದ್ದೆವು. ಆ ಒಂದು ಸೆಕೆಂಡಿನಲ್ಲಿ ಜಾಲದೊಳಗೆ 15 ಸೆಕೆಂಡ್ ಕಳೆದು, 20 ಮೀ/ಸೆ ವೇಗದ ನೋಡ್ 300 ಮೀಟರ್ ಸಾಗಿರುತ್ತಿತ್ತು. ಫೇಡ್‌ಔಟ್ ಮೋಡ್ ಅನ್ನು ಸಿಮ್ಯುಲೇಶನ್ ಟೈಮ್‌ಗೆ (ಜಾಲದೊಳಗಿನ ಗಡಿಯಾರಕ್ಕೆ) ಬದಲಾಯಿಸಿದೆವು. ಸತ್ತ ಕೊಂಡಿಗಳ ಬಾಣಗಳು ಹೊತ್ತಿಗೆ ಸರಿಯಾಗಿ ಅಳಿಸಿಹೋದವು.

ಆಮೇಲೆ ಕಂಡದ್ದೇ ನಿಜವಾದ ಪಾಠ. ನೆರೆಯವರು ತಾವಿದ್ದೇವೆಂದು ತಿಳಿಸುವ ಹಲೋ ಸಂದೇಶವನ್ನೇ ನಂಬಿದ ಎಒಡಿವಿ, ಸೆಕೆಂಡಿಗೊಂದರಂತೆ ಬರಬೇಕಾದ ಹಲೋ ಎರಡು ಸಲ ತಪ್ಪುವವರೆಗೆ ಕೊಂಡಿ ಇದೆಯೆಂದೇ ತಿಳಿದಿರುತ್ತದೆ. ಭೌತಿಕ ಬಾಣ ಹೋದ ಮೇಲೂ ಮಾರ್ಗದ ಕೋಷ್ಟಕದಲ್ಲಿ ಆ ನೆರೆಯವನ ಹೆಸರು ಉಳಿದಿರುವುದನ್ನು ವಿದ್ಯಾರ್ಥಿಗಳು ಕಣ್ಣಾರೆ ಕಂಡರು.

ನೋಡ್‌ಗಳು ಐವತ್ತು ದಾಟಿದರೆ ಪರದೆ ಜೇಡರ ಬಲೆಯಾಗುತ್ತದೆ. ಪ್ಯಾಕೆಟ್ ಫಿಲ್ಟರ್ ಹಾಕಿ, ಬೇಕಾದ ಸಂಚಾರವನ್ನಷ್ಟೇ ತೋರಿಸಿಕೊಳ್ಳಿ. ವ್ಯಾಪ್ತಿಯ ವೃತ್ತವನ್ನೂ ಪೂರ್ತಿ ನಂಬಬೇಡಿ. ರೇಡಿಯೋ ಗದ್ದಲ ಹೆಚ್ಚಿದ್ದರೆ ವೃತ್ತದ ಒಳಗಿರುವ ನೋಡ್‌ಗೂ ಫ್ರೇಮ್ ದಕ್ಕುವುದಿಲ್ಲ. ಅಂಕಿಅಂಶ ಬೇಕಾದಾಗ ಚಿತ್ರವನ್ನೇ ಬಿಟ್ಟು ಸಿಎಂಡಿಎನ್ವಿ ಎಂಬ, ಬರಿಯ ಪಠ್ಯದ ಆವೃತ್ತಿಯಲ್ಲಿ ಓಡಿಸುತ್ತೇವೆ, ಕೆಲಸ ಬೇಗ ಮುಗಿಯುತ್ತದೆ. ಕಾಲೇಜಿನ ಬಳಕೆಗೆ ಹಣ ಕೊಡಬೇಕಿಲ್ಲ; ವಾಣಿಜ್ಯ ಬಳಕೆಗೆ ಓಮ್‌ನೆಸ್ಟ್ ಎಂಬ ಪರವಾನಗಿ ಬೇರೆ ಇದೆ.