ಜರ್ಮನಿಗೆ ಹೊರಟಿದ್ದೀರಾ? ಮನೆಗೆ ಅಡ್ವಾನ್ಸ್ ಕಟ್ಟುವ ಮೊದಲು ಇದನ್ನು ಓದಿ

ಹೋದ ಭಾನುವಾರ ಬೆಳಿಗ್ಗೆ ಮೈಸೂರಿನ ಕುವೆಂಪುನಗರದಲ್ಲಿ ಅಕ್ಕನ ಮನೆಯಲ್ಲಿದ್ದೆ. ಹಿಂದಿನ ಬೀದಿಯ ಒಬ್ಬ ಹುಡುಗಿ ಅಪ್ಪನ ಜೊತೆ ಬಂದಳು. ಜರ್ಮನಿಯಲ್ಲಿ ಕೆಲಸ ಸಿಕ್ಕಿದೆ, ವೀಸಾನೂ ಬಂದಿದೆ, ಮುಂದಿನ ತಿಂಗಳು ಹೊರಡುತ್ತಾಳೆ. "ಮನೆನೂ ಗೊತ್ತಾಯ್ತು ಅಣ್ಣ, ನಾಳೆ ಅಡ್ವಾನ್ಸ್ ಕಳಿಸ್ತೀವಿ" ಎಂದು ಮೊಬೈಲಿನಲ್ಲಿ ಕರಾರು ಪತ್ರ ತೋರಿಸಿದಳು.

ಮೂರನೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. 'ಆನ್‌ಮೆಲ್ಡುಂಗ್ ನಿಶ್ಟ್ ಮ್ಯೋಗ್ಲಿಶ್.' ಅಂದರೆ, ಈ ವಿಳಾಸದಲ್ಲಿ ನೋಂದಣಿ ಮಾಡಿಸಲು ಆಗುವುದಿಲ್ಲ.

2023ರಲ್ಲಿ ನನ್ನ ಕರಾರಿನಲ್ಲೂ ಇದೇ ಸಾಲಿತ್ತು. ನನಗೆ ಅದನ್ನು ಓದಲು ಬರಲಿಲ್ಲ. ಓದಿ ಹೇಳುವವರೂ ಇರಲಿಲ್ಲ. ಆ ಹುಡುಗಿಗೆ ಎರಡು ಗಂಟೆ ಕೂತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆಯಿಂದ ಹೋಗುವ ಮಕ್ಕಳು ಜಾಸ್ತಿ ಆಗುತ್ತಿದ್ದಾರೆ. ಇನ್ನೊಬ್ಬರು ಹೀಗೆ ಸಿಕ್ಕಿಹಾಕಿಕೊಳ್ಳಬಾರದು.

ನಮ್ಮದು ಮಂಡ್ಯ ಜಿಲ್ಲೆಯ ಹಳ್ಳಿ. ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುತ್ತಿದ್ದೆ. ದಕ್ಷಿಣ ಜರ್ಮನಿಯ ಒಂದು ಊರಿನಲ್ಲಿ ಕೆಲಸ ಸಿಕ್ಕಾಗ ಮನೆಯಲ್ಲಿ ಹಬ್ಬ. ಆ ಹೊತ್ತಿಗೆ ಒಬ್ಬ ಬ್ರೋಕರ್ ಪರಿಚಯವಾದ. 85,000 ರೂಪಾಯಿಗೆ ಎಲ್ಲಾ ನೋಡಿಕೊಳ್ಳುತ್ತೇನೆ ಎಂದ. ಮನೆ, ಸಿಮ್, ಬ್ಯಾಂಕ್ ಖಾತೆ, ಆರು ವಾರದ ಜರ್ಮನ್ ಪಾಠ, ಎಲ್ಲಾ ಸೇರಿ. ಮನೆಗೆ ತಿಂಗಳಿಗೆ 650 ಯೂರೋ ಬಾಡಿಗೆ, ಮೂರು ತಿಂಗಳ ಅಡ್ವಾನ್ಸ್ ಮೊದಲೇ ಕಟ್ಟಬೇಕು. 1,950 ಯೂರೋ, ಆಗಿನ ಲೆಕ್ಕದಲ್ಲಿ ಸುಮಾರು 1.75 ಲಕ್ಷ. ಅಪ್ಪ ಕಬ್ಬಿನ ಬಿಲ್ಲಿನ ಹಣ ತೆಗೆದು ಕೊಟ್ಟರು.

ಅಲ್ಲಿಗೆ ಹೋದಾಗ ಮನೆ ಇತ್ತು. ಕೋಣೆ ಚೊಕ್ಕವಾಗಿತ್ತು, ಕೀ ಕೈಗೆ ಬಂತು. ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಅಡುಗೆಮನೆ ತೋರಿಸಿದೆ. ಮೋಸ ಅಂದರೆ ಮನೆಯೇ ಇಲ್ಲದಿರುವುದು ಎಂದುಕೊಂಡಿದ್ದೆ. ಅದಕ್ಕೇ ನೆಮ್ಮದಿಯಾಗಿದ್ದೆ.

ನಮ್ಮಲ್ಲಿ ಬಾಡಿಗೆ ಮನೆ ಅಂದರೆ ಅಡ್ವಾನ್ಸ್, ಹನ್ನೊಂದು ತಿಂಗಳ ಕರಾರು, ಕೀ. ಅಲ್ಲಿಗೆ ಮುಗೀತು, ಅಲ್ವಾ? ಜರ್ಮನಿಯಲ್ಲಿ ಹಾಗಲ್ಲ. ಮನೆಗೆ ಹೋದ ಎರಡು ವಾರದೊಳಗೆ ಊರಿನ ಕಚೇರಿಗೆ ಹೋಗಿ 'ನಾನು ಇಂಥ ವಿಳಾಸದಲ್ಲಿ ಇದ್ದೇನೆ' ಎಂದು ಬರೆಸಬೇಕು. ಅದೇ ಆನ್‌ಮೆಲ್ಡುಂಗ್. ಬರೆಸಲು ಪಾಸ್‌ಪೋರ್ಟ್ ಜೊತೆ ಮನೆ ಕೊಟ್ಟವರ ಸಹಿ ಇರುವ ಒಂದು ಕಾಗದ ಬೇಕು. ಅದರ ಹೆಸರು ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್. ಹೆಸರು ಉದ್ದ, ಕಾಗದ ಒಂದೇ ಪುಟ. 2015ರ ನವೆಂಬರ್‌ನಿಂದ ಕಾನೂನಿನ ಪ್ರಕಾರ ಮನೆ ಕೊಟ್ಟವರು ಇದನ್ನು ಕೊಡಲೇಬೇಕು.

ನನಗೆ ಮನೆ ಕೊಟ್ಟವನು ಕೊಡಲಿಲ್ಲ. ಇವತ್ತು, ನಾಳೆ ಎಂದು ಮೂರು ವಾರ ತಳ್ಳಿದ. ಆಮೇಲೆ ನಿಜ ಗೊತ್ತಾಯಿತು. ಅವನೇ ಅಲ್ಲಿ ಬಾಡಿಗೆದಾರ. ಮನೆ ಮಾಲೀಕರಿಗೆ ತಿಳಿಸದೆ ನನಗೆ ಒಳಬಾಡಿಗೆಗೆ ಕೊಟ್ಟಿದ್ದ. ಸಹಿ ಮಾಡಿದರೆ ಅವನು ಸಿಕ್ಕಿಬೀಳುತ್ತಾನೆ. ಬ್ರೋಕರ್‌ಗೆ ಫೋನ್ ಮಾಡಿದರೆ, "ಕರಾರಿನಲ್ಲಿ ಬರೆದಿದೆಯಲ್ಲ, ನೀವು ಸಹಿ ಹಾಕಿದ್ದೀರಿ" ಎಂದ.

ಆ ಒಂದು ಕಾಗದ ಇಲ್ಲದೆ ಏನೆಲ್ಲಾ ನಿಲ್ಲುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನೋಂದಣಿ ಆದಮೇಲೆ 11 ಅಂಕಿಯ ತೆರಿಗೆ ನಂಬರ್ ಅಂಚೆಯಲ್ಲಿ ಮನೆಗೆ ಬರುತ್ತದೆ. ನೋಂದಣಿ ಇಲ್ಲ, ಹಾಗಾಗಿ ನಂಬರ್ ಇಲ್ಲ. ಕಂಪನಿಯವರು ಮೂರು ತಿಂಗಳು ಕಾದರು. ನಾಲ್ಕನೇ ತಿಂಗಳು ನಿಯಮದ ಪ್ರಕಾರ ನನ್ನನ್ನು ಆರನೇ ತೆರಿಗೆ ದರ್ಜೆಗೆ ಹಾಕಿದರು. ಒಂಟಿಯಾಗಿರುವವರಿಗೆ ಸಾಮಾನ್ಯವಾಗಿ ಒಂದನೇ ದರ್ಜೆ. ಆರನೆಯದರಲ್ಲಿ ತೆರಿಗೆ ತುಂಬಾ ಜಾಸ್ತಿ. ನವೆಂಬರ್ ಸಂಬಳದಲ್ಲಿ 400 ಯೂರೋಗಿಂತ ಜಾಸ್ತಿ ಹೋಯಿತು. ಆ ಹಣ ಆಮೇಲೆ ವಾಪಸ್ ಬಂತು. ಆದರೆ ಆ ತಿಂಗಳು ಊರಿಗೆ ಕಳಿಸುತ್ತೇನೆ ಎಂದಿದ್ದ ಹಣ ಕಳಿಸಲಿಲ್ಲ. ಅಪ್ಪ ಏನೂ ಕೇಳಲಿಲ್ಲ. ಅದೇ ಜಾಸ್ತಿ ನೋವು ಕೊಟ್ಟಿತು.

ಅಂಚೆಯದ್ದೂ ಒಂದು ಮಾತು. ನಮ್ಮ ಹಳ್ಳಿಯಲ್ಲಿ ಡೈರಿ ಹಿಂದಿನ ಮನೆ ಎಂದು ಬರೆದರೂ ಕಾಗದ ಬರುತ್ತದೆ. ಅಲ್ಲಿ ಎಷ್ಟೋ ಕಟ್ಟಡಗಳಲ್ಲಿ ಮನೆಗಳಿಗೆ ಬೇರೆ ಬೇರೆ ನಂಬರ್ ಇರುವುದಿಲ್ಲ. ಪೆಟ್ಟಿಗೆ ಮೇಲಿನ ಹೆಸರು ನೋಡಿ ಕಾಗದ ಹಾಕುತ್ತಾರೆ. ನನ್ನ ಹೆಸರು ಅಂಟಿಸಲು ಮನೆ ಕೊಟ್ಟವನು ಬಿಡಲಿಲ್ಲ. ಬ್ಯಾಂಕಿನ ಕಾರ್ಡ್ ಎರಡು ಸಲ ವಾಪಸ್ ಹೋಯಿತು. ಪೆಟ್ಟಿಗೆ ಮೇಲೆ ಹೆಸರು ಹಾಕಬೇಡ ಎನ್ನುವವರು ಸಿಕ್ಕರೆ ಅಲ್ಲೇ ಅನುಮಾನ ಪಡಿ.

ಅಕ್ಟೋಬರ್‌ನಲ್ಲಿ ಅದೇ ಬ್ರೋಕರ್ ಇನ್ನೊಂದು ದಾರಿ ಹೇಳಿದ. 300 ಯೂರೋ ಕೊಟ್ಟರೆ ಪರಿಚಯದವರ ವಿಳಾಸದಲ್ಲಿ ನೋಂದಣಿ ಮಾಡಿಸುತ್ತೇನೆ, ನೀವು ಅಲ್ಲಿ ಇರಬೇಕಾಗಿಲ್ಲ ಎಂದ. ಹಣ ಕಳಿಸುವವನಿದ್ದೆ. ಕಂಪನಿಯಲ್ಲಿ ಪಕ್ಕದ ಮೇಜಿನವರು ಕೇಳಿ ಗಾಬರಿಯಾದರು. ಇರದ ಮನೆಯಲ್ಲಿ ಇದ್ದೇನೆ ಎಂದು ಬರೆಸುವುದು ಅಲ್ಲಿ ಕಾನೂನಿಗೆ ವಿರುದ್ಧ. ಹಾಗೆ ಸುಳ್ಳು ವಿಳಾಸ ಒದಗಿಸುವವರಿಗೆ 50,000 ಯೂರೋವರೆಗೆ ದಂಡ ಹಾಕಬಹುದು. ಬರೆಸಿದವರಿಗೂ ದಂಡ ಇದೆ. ದಯವಿಟ್ಟು ಈ ದಾರಿ ಹಿಡಿಯಬೇಡಿ. ಎಷ್ಟೇ ಅವಸರವಿದ್ದರೂ ಬೇಡ.

ನಾನು ಮಾಡಬೇಕಾಗಿದ್ದ ಕೆಲಸ ಬೇರೆ ಇತ್ತು. ಮನೆ ಕೊಟ್ಟವರು ಸಹಿ ಮಾಡದಿದ್ದರೆ ಅದನ್ನು ನೋಂದಣಿ ಕಚೇರಿಗೆ ತಕ್ಷಣ ನಾವೇ ತಿಳಿಸಬೇಕು. ಕಾನೂನೇ ಹಾಗೆ ಹೇಳುತ್ತದೆ. ಭಯದಿಂದ ನಾನು ಸುಮ್ನೆ ಇದ್ದೆ. ಕಚೇರಿ ಅಂದರೆ ಭಯ, ಭಾಷೆ ಅಂದರೆ ಇನ್ನೂ ಭಯ.

ಭಾಷೆಯ ವಿಷಯ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ನನ್ನ ಕಷ್ಟ ಶುರುವಾಗಿದ್ದೇ ಅಲ್ಲಿ. ಆರು ವಾರದ ಪಾಠದಲ್ಲಿ ನನ್ನ ಹೆಸರು, ನನ್ನ ಊರು, ಸೇಬು ಎಷ್ಟು, ಇಷ್ಟೇ ಕಲಿಸಿದ್ದರು. ಸರ್ಟಿಫಿಕೇಟ್ ಕೊಟ್ಟರು. ಅದಕ್ಕೆ ಬೆಲೆ ಇಲ್ಲ ಎಂದು ಆಮೇಲೆ ತಿಳಿಯಿತು. ಬೆಂಗಳೂರಿನಲ್ಲಿ ಗೊಯೆಥೆ ಇನ್‌ಸ್ಟಿಟ್ಯೂಟ್ ಇದೆ, ನಮ್ಮಲ್ಲಿ ಮ್ಯಾಕ್ಸ್ ಮುಲ್ಲರ್ ಭವನ ಎನ್ನುತ್ತೇವಲ್ಲ, ಅದೇ. ಮೈಸೂರಿನಿಂದ ರೈಲಿನಲ್ಲಿ ಹೋಗಿ ಬರಬಹುದಾದ ದೂರ. ನಾನು ಆ ಕಷ್ಟ ಬೇಡ ಎಂದು ಹತ್ತಿರದ ಪಾಠಕ್ಕೆ ಸೇರಿದೆ. ಜರ್ಮನಿಗೆ ಹೋದಮೇಲೆ ಫೋಕ್ಸ್‌ಹೋಕ್‌ಶೂಲ ಎಂಬ ಸಂಜೆ ಶಾಲೆಗೆ ಸೇರಿದೆ. ಊರೂರಿನಲ್ಲೂ ಇವೆ, ಶುಲ್ಕ ಕಡಿಮೆ. ಆಫೀಸಿನಲ್ಲಿ ಇಂಗ್ಲಿಷ್ ಸಾಕು, ಆದರೆ ಬಾಡಿಗೆ ಕರಾರು, ತೆರಿಗೆ ಕಾಗದ, ಕಚೇರಿಯ ಪತ್ರ ಎಲ್ಲವೂ ಜರ್ಮನ್‌ನಲ್ಲೇ. ಕಲಿಯಲು ಭಯ ಬೇಡ. ಪದಕ್ಕೆ ಪದ ಅಂಟಿಸಿ ದೊಡ್ಡ ಪದ ಮಾಡುವುದು ನಮಗೆ ಹೊಸದೇನಲ್ಲ. ಎಷ್ಟೋ ವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅದೂ ಕನ್ನಡದ ಹಾಗೇ. ಈ ಖುಷಿ ನನಗೆ ಮೈಸೂರಿನಲ್ಲೇ ಸಿಗಬಹುದಿತ್ತು.

ಶನಿವಾರ ಭಾನುವಾರ ಸುತ್ತಾಟ ಅಂತ ಎಲ್ಲರೂ ಆಸೆ ಇಟ್ಟುಕೊಂಡು ಹೋಗುತ್ತಾರೆ. 2023ರ ಮೇ ತಿಂಗಳಿಂದ ಡಾಯ್ಚ್‌ಲಾಂಡ್ ಟಿಕೆಟ್ ಬಂದಿತ್ತು. 49 ಯೂರೋಗೆ ತಿಂಗಳಿಡೀ ದೇಶದ ಬಸ್, ಟ್ರಾಮ್, ಲೋಕಲ್ ರೈಲು. ಐಸಿಇಯಂಥ ದೂರದ ವೇಗದ ರೈಲುಗಳಿಗೆ ಮಾತ್ರ ನಡೆಯುವುದಿಲ್ಲ. 2025ರಲ್ಲಿ 58 ಯೂರೋ ಆಯಿತು. ಅದು ಒಂದು ತಿಂಗಳಿಗೆ ತೆಗೆದರೆ ಮುಗಿಯುವ ಟಿಕೆಟ್ ಅಲ್ಲ, ನಾವೇ ನಿಲ್ಲಿಸುವವರೆಗೆ ಪ್ರತಿ ತಿಂಗಳು ಹಣ ಕಡಿತವಾಗುತ್ತದೆ. ಬೇಡವಾದರೆ 10ನೇ ತಾರೀಖಿನೊಳಗೆ ರದ್ದು ಮಾಡಬೇಕು.

ಆ ಟಿಕೆಟ್‌ನಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಸ್ಟೇಷನ್‌ವರೆಗೂ ಹೋಗಬಹುದು. ಡಿಸೆಂಬರ್‌ನಲ್ಲಿ ಜೊತೆಯವರೆಲ್ಲ ಅಲ್ಲಿಯ ಕ್ರಿಸ್ಮಸ್ ಮಾರುಕಟ್ಟೆಗೆ ಹೊರಟರು. ನಾನು ಹೋಗಲಿಲ್ಲ. ನನ್ನ ವೀಸಾ ಆರು ತಿಂಗಳದ್ದು, ಮುಗಿಯುತ್ತಾ ಬಂದಿತ್ತು. ಅದನ್ನು ನಿವಾಸ ಪರವಾನಗಿಗೆ ಬದಲಾಯಿಸಲು ಅರ್ಜಿ ಹಾಕಬೇಕು, ಅರ್ಜಿಗೆ ವಿಳಾಸದ ನೋಂದಣಿ ಬೇಕು. ಆಸ್ಟ್ರಿಯಾದಿಂದ ವಾಪಸ್ ಬರುವ ರೈಲುಗಳಲ್ಲಿ ಗಡಿಯಲ್ಲಿ ಪೊಲೀಸರು ಪಾಸ್‌ಪೋರ್ಟ್ ನೋಡುತ್ತಾರೆ. ವೀಸಾ ಇನ್ನೂ ಇತ್ತು, ಹೋಗಿದ್ದರೆ ತಪ್ಪೇನೂ ಆಗುತ್ತಿರಲಿಲ್ಲ. ಆದರೂ ಧೈರ್ಯ ಬರಲಿಲ್ಲ. ಆ ಭಾನುವಾರ ಕೋಣೆಯಲ್ಲಿ ಕೂತು ಅತ್ತೆ.

ಅದೇ ವಾರ ಕಂಪನಿಯವರೊಬ್ಬರ ಮೂಲಕ ಒಬ್ಬ ಅಜ್ಜಿಯ ಮನೆಯಲ್ಲಿ ಕೋಣೆ ಸಿಕ್ಕಿತು. ಅಜ್ಜಿ ಕೀ ಕೊಡುವ ಮೊದಲೇ ಆ ಕಾಗದಕ್ಕೆ ಸಹಿ ಮಾಡಿ ಮೇಜಿನ ಮೇಲೆ ಇಟ್ಟಿದ್ದರು. ವೀಸಾ ಮುಗಿಯಲು ಒಂಬತ್ತು ದಿನ ಇರುವಾಗ ನನ್ನ ಅರ್ಜಿ ಹೋಯಿತು.

ಹಳೆಯ ಅಡ್ವಾನ್ಸ್ ಪೂರ್ತಿ ಬರಲಿಲ್ಲ. ಬಾಡಿಗೆದಾರರ ಸಂಘ, ಅಲ್ಲಿ ಮೀಟರ್‌ಫರೈನ್ ಎನ್ನುತ್ತಾರೆ, ಅಲ್ಲಿ ಸದಸ್ಯನಾದೆ. ವರ್ಷಕ್ಕೆ ಸ್ವಲ್ಪ ಹಣ ಕಟ್ಟಿದರೆ ಕರಾರು ಓದಿ ಸಲಹೆ ಕೊಡುತ್ತಾರೆ. ಅವರ ಸಲಹೆಯಂತೆ ಪತ್ರ ಬರೆದಮೇಲೆ 900 ಯೂರೋ ಬಂತು. ಅಡ್ವಾನ್ಸ್ ಮೂರು ತಿಂಗಳ ಮೂಲ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕಟ್ಟುವ ಹಕ್ಕು ನಮಗಿದೆ, ಮೊದಲ ಕಂತು ಬಾಡಿಗೆ ಶುರುವಾದಾಗ ಕಟ್ಟಿದರೆ ಸಾಕು ಎಂದು ಅವರೇ ಹೇಳಿದ್ದು. ನಾನು ಇಲ್ಲಿಂದಲೇ ಪೂರ್ತಿ ಕಟ್ಟಿದ್ದೆ.

ಆ ಹುಡುಗಿ ಭಾನುವಾರ ಅಲ್ಲೇ ಕೂತು ತನ್ನ ಬ್ರೋಕರ್‌ಗೆ ಒಂದೇ ಸಾಲು ಬರೆದಳು. ಮನೆ ಕೊಡುವವರು ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್‌ಗೆ ಸಹಿ ಮಾಡುತ್ತಾರಾ, ಹೌದು ಅಥವಾ ಇಲ್ಲ ಎಂದು ಬರೆದು ಕೊಡಿ. ಇವತ್ತು ಗುರುವಾರ. "ಹೋದಮೇಲೆ ನೋಡೋಣ ಮೇಡಂ" ಎಂಬ ಉತ್ತರ ಬಿಟ್ಟರೆ ಬೇರೇನೂ ಬಂದಿಲ್ಲ. ಅವಳು ಹಣ ಕಳಿಸಿಲ್ಲ. ನೋಂದಣಿ ಕಾಗದ ಕೊಡುವ ಜಾಗ ಹುಡುಕಿಕೊಡಿ ಎಂದು ತನ್ನ ಕಂಪನಿಯವರನ್ನೇ ಕೇಳಿದ್ದಾಳೆ.

ಅದೇ ಬ್ರೋಕರ್ ಮೂಲಕ ಮೈಸೂರಿನ ಇನ್ನಿಬ್ಬರು ಈಗಾಗಲೇ ಹಣ ಕಟ್ಟಿದ್ದಾರಂತೆ. ಅವರು ನೀವೇ ಆಗಿದ್ದರೆ ಕರಾರಿನ ಎಲ್ಲಾ ಪುಟ ಹಿಡಿದುಕೊಂಡು ಬನ್ನಿ, ಸಾಲು ಸಾಲಾಗಿ ಓದಿ ಹೇಳುತ್ತೇನೆ. 18ನೇ ತಾರೀಖಿನವರೆಗೆ ನಾನು ಅಕ್ಕನ ಮನೆಯಲ್ಲೇ ಇರುತ್ತೇನೆ.